ಹೆಬ್ಬೆಟ್ಟಿನಿಂದ ಒತ್ತಿದ ಅಕ್ಷರ

ಲಿಂಗಸುಗೂರು, ೧೯೯೮

ಅವ್ವಾ,

ಬದುಕಿದ್ದಾಗ ನೀನು ನನ್ನ ಪತ್ರವನ್ನು ಯಾರಿಂದಲಾದರೂ ಓದಿಸಿಕೊಳ್ಳುತ್ತಿದ್ದೆ. ಇದನ್ನಂತೂ ನಾನು ಅಂಚೆಗೆ ಹಾಕುವುದಿಲ್ಲ.

ನಾನು ಕಲಿಸುವ ಸಾಲಗುಂದ ಶಾಲೆಯಿಂದ ನನ್ನನ್ನು ಇಲ್ಲಿಗೆ ಕಂಪ್ಯೂಟರ್ ತರಬೇತಿಗೆ ಕಳಿಸಿದ್ದಾರೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ನೀನಾಗಿದ್ದರೆ ಕೈಯನ್ನೂ ಮುಗಿಯುತ್ತಿದ್ದೆ.

"ಗ ಅಕ್ಷರ ಒತ್ರಿ, ಟೀಚರ್" ಎಂದರು ಕಲಿಸುವ ಯಂಕೋಬ ಸರ್. ಒತ್ತು ಎಂದ ಕೂಡಲೇ ನನ್ನ ಹೆಬ್ಬೆಟ್ಟೇ ಮುಂದಾಯಿತು. ಭಾರ ಬಿಟ್ಟು ಒತ್ತಿ ಹಿಡಿದೆ. ಪರದೆಯ ತುಂಬ ಗಗಗಗ ಎಂದು ಹರಿಯಿತು.

"ಹೆಬ್ಬೆಟ್ಟು ಒತ್ತಾಕ ಇದೇನು ಅರ್ಜಿ ಏನ್ರಿ?" ಎಂದು ಸರ್ ನಕ್ಕರು. ನಾನೂ ನಕ್ಕೆ.

ನನ್ನ ಟಿಸಿಎಚ್ ಶಿಕ್ಷಕ ತರಬೇತಿಯ ಅರ್ಜಿಗೆ ನೀನು ಹಾಗೆಯೇ ಒತ್ತಿದ್ದೆ. ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾ, "ನನ್ನ ಹೆಸರು ಬರಿಯಾಕ ಯಾವಾಗ ಕಲಸ್ತಿ, ಯವ್ವಾ?" ಎಂದು ನೀನು ಕೇಳಿದ್ದೆ.

"ರಜಾ ಬರ್ಲಿ, ತಡಿ" ಎಂದಿದ್ದೆ ನಾನು.

ಸಂಜೆಯ ಹೊತ್ತಿಗೆ ಒಂದೇ ಬೆರಳಿನಿಂದ ಹುಡುಕಿ ಹುಡುಕಿ ನಿನ್ನ ಹೆಸರು ಮೂಡಿಸಿದೆ: ಗಾಳೆಮ್ಮ. ಕೊನೆಯ ಒತ್ತಕ್ಷರ ಮಾತ್ರ ಬಹಳ ಕಾಡಿತು.

"ಯಾರ ಹೆಸರ್ರಿ ಇದು?" ಎಂದರು ಸರ್.

"ನಮ್ಮ ಕ್ಲಾಸಿನಾಕಿ ರೀ" ಎಂದೆ. "ರಜಾ ಬರ್ಲಿ ಅಂತ ಕಾಯಾಕತ್ಯಾಳ."