ರಾಣಿಗಿಂತ ಅರ್ಧ ಹೆಜ್ಜೆ ಮುಂದೆ

ಜನವರಿ 9, ಬೆಳಿಗ್ಗೆ ಹತ್ತು

ಒಲೆಗೆ ಸೌದೆ ಹಾಕಿಸಿದೆ. ಮಹಾರಾಣಿಯವರಿಗೆ ಬಾದಾಮಿ ಹಾಲು. ತಲೆ ಬಾಚಿ, ಕೈಗವಸು ಹಿಡಿದು ನಿಂತೆ. ಕೌಂಟ್ ಪದವಿಯ ಶ್ರೀಮಂತನ ಮಗಳಾಗಿ ಹುಟ್ಟಿದ್ದಕ್ಕೆ ಈ ಅರಮನೆಯಲ್ಲಿ ಸಿಕ್ಕ ಹಕ್ಕು ಇದು.

ಕಿಟಕಿಯ ಬಿಸಿಲು ನೇರ ಅವರ ಮುಖದ ಮೇಲಿತ್ತು. ಕೇಳಿದರು, "ಇನ್ನೂ ಬೆಳಕಾಗಿಲ್ವೇನೆ ಮೆರ್ಟಾ?"

ಹತ್ತು ಗಂಟೆ ಆಯಿತು ಎಂದೆ. ಅವರಿಗೆ ಅರ್ಥವಾಯಿತು.

ಅಕ್ಷರ ಕಾಣದೆ ಎರಡು ತಿಂಗಳಾಯಿತಂತೆ. ಕಾಗದಗಳನ್ನು ಗುಮಾಸ್ತ ಓದಿ ಹೇಳುವುದು ಮೊದಲಿನಿಂದಲೂ ವಾಡಿಕೆ, ಹಾಗಾಗಿ ಯಾರಿಗೂ ತಿಳಿದಿಲ್ಲ. ಇವತ್ತು ಬೆಳಕೂ ಹೋಯಿತು. ದೊರೆ ಸಮುದ್ರದಾಚೆ ಯುದ್ಧದಲ್ಲಿದ್ದಾರೆ. ರಾಜ್ಯ ಇವರ ಕೈಯಲ್ಲಿ. ಮಂತ್ರಿಗಳಿಗೆ ಗೊತ್ತಾದರೆ ರಾಜಮುದ್ರೆ ಕಿತ್ತುಕೊಳ್ಳುತ್ತಾರೆ.

ಜನವರಿ 13

ಮಲಗುವ ಕೋಣೆಯಿಂದ ಮಂತ್ರಾಲೋಚನೆಯ ಕೋಣೆಗೆ ನಲವತ್ತೊಂದು ಹೆಜ್ಜೆ. ಮೆಟ್ಟಿಲು ಹತ್ತೊಂಬತ್ತು. ಸದ್ದು ಮಾಡುವ ರೇಷ್ಮೆ ಉಡು ಎಂದರು. ನಾನು ಅರ್ಧ ಹೆಜ್ಜೆ ಮುಂದೆ, ಸರಸರ ಸದ್ದು ಹಿಡಿದು ಅವರು ಹಿಂದೆ. ಒಂದು ಸಲವೂ ಎಡವಲಿಲ್ಲ.

ಜನವರಿ 20

ಆರ್ವಿದ್ ಮಾವ ಬಂದಿದ್ದ. ಅಮ್ಮನ ಅಣ್ಣ, ಈಗ ಹಿರಿಯ ಮಂತ್ರಿ. ರಾಣಿ ನಿನ್ನೆ ಖಾಲಿ ಕುರ್ಚಿಗೆ ತಲೆಬಾಗಿದ್ದನ್ನು ನೋಡಿದ್ದಾನೆ.

"ಅವರಿಗೆ ಕಣ್ಣು ಕಾಣ್ಸುತ್ತಾ? ಒಂದೇ ಮಾತು ಹೇಳು ಮಗೂ."

ನನ್ನ ತಮ್ಮ ಥೂರೆ ಶತ್ರುಗಳ ಸೆರೆಯಲ್ಲಿ ಎರಡು ವರ್ಷದಿಂದ ಇದ್ದಾನೆ. ಬಿಡಿಸಿ ತರಬೇಕಾದ ಸೆರೆಯಾಳುಗಳ ಪಟ್ಟಿ ಮಾವನ ಕೈಯಲ್ಲಿದೆ. ಅದನ್ನೂ ನೆನಪಿಸಿದ, ಮೆತ್ತಗೆ.

"ಚೆನ್ನಾಗಿ ಕಾಣ್ಸುತ್ತೆ ಮಾವಾ" ಅಂದೆ.

ಥೂರೆಗೆ ಹತ್ತೊಂಬತ್ತು ವರ್ಷ...

ಫೆಬ್ರವರಿ 11, ಸಂಜೆ

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ನಾಲ್ಕು ವರ್ಗದವರ ಮಹಾಸಭೆ. ಶ್ರೀಮಂತರು, ಪಾದ್ರಿಗಳು, ಪೇಟೆಯವರು, ಕೊನೆಯ ಬೆಂಚುಗಳಲ್ಲಿ ರೈತರು. ರಾಣಿ ಭಾಷಣವನ್ನು ಬಾಯಿಪಾಠ ಮಾಡಿದ್ದರು. ಶುರು ಮಾಡುವಷ್ಟರಲ್ಲಿ ಮಾವ ಎದ್ದು ಬಂದ. ದೊರೆಯಿಂದ ಈಗಷ್ಟೇ ಕಾಗದ ಬಂದಿದೆ, ಸಭೆಗೆ ತಾವೇ ಓದಬೇಕು ಎಂದು ಕೈಗಿತ್ತ.

ರಾಣಿ ಅದನ್ನು ಬಿಚ್ಚಲಿಲ್ಲ.

"ಈ ಕಾಗದ ನನಗೆ ಕಾಣಲ್ಲ ಆರ್ವಿದ್. ನಿಮ್ಮ ಮುಖವೂ ಕಾಣಲ್ಲ" ಎಂದರು ರಾಣಿ. "ಮೂರು ತಿಂಗಳಾಯ್ತು. ಈ ಮೂರು ತಿಂಗಳಲ್ಲಿ ನಾನು ಹೊರಡಿಸಿದ ಆಜ್ಞೆಗಳಲ್ಲಿ ಯಾವುದು ತಪ್ಪು, ಹೇಳಿ."

ಹಿಂದಿನ ಬೆಂಚಿನಿಂದ ಮುದುಕನೊಬ್ಬ ಎದ್ದ.

"ನಮ್ ಕಡೆ ಬಿತ್ನೆ ಕಾಳು ಬಂದಿದ್ದು ಕ್ರಿಸ್‌ಮಸ್ಸಿಗೆ ಮುಂಚೆ ತಾಯಿ. ನೀವೇ ಕಳ್ಸಿದ್ದು. ನಮ್ಗಷ್ಟು ಸಾಕು."

"ದಾಲಾರ್ನಾ ಸೀಮೆಯವರಾ?" ರಾಣಿ ದನಿಯಿಂದಲೇ ಗುರುತು ಹಿಡಿದರು. ಮುದುಕ ಅತ್ತುಬಿಟ್ಟ.

ಆಮೇಲೆ ಕಾಗದ ನನ್ನತ್ತ ಚಾಚಿದರು. "ಓದು."

ಬಿಡಿಸಿದೆ. ಒಂದಕ್ಷರವೂ ಇಲ್ಲ. ರಾಣಿ ಓದಿದಂತೆ ನಟಿಸಿದರೆ ಸಿಕ್ಕಿಬೀಳಲಿ ಎಂದೇ ಕೊಟ್ಟ ಖಾಲಿ ಹಾಳೆ. ಮಾವ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಥೂರೆ ಇದ್ದ.

"ಏನೂ ಬರೆದಿಲ್ಲ ಮಹಾರಾಣಿಯವರೇ" ಅಂದೆ. ಹಾಳೆ ಎತ್ತಿ ಎಲ್ಲರಿಗೂ ತೋರಿಸಿದೆ.

ರೈತರು ಮೊದಲು ಎದ್ದರು. ಆಮೇಲೆ ಪೇಟೆಯವರು, ಪಾದ್ರಿಗಳು. ನಮ್ಮವರು ಕೊನೆಗೆ. ಅಷ್ಟು ಜನ ಒಟ್ಟಿಗೆ ತಲೆಬಾಗಿದ ಸದ್ದನ್ನು ರಾಣಿ ಕಣ್ಣು ಮುಚ್ಚಿ ಕೇಳಿದರು.

ಫೆಬ್ರವರಿ 15

ಮಾವ ತನ್ನ ಜಹಗೀರಿಗೆ ಹೊರಟುಹೋದ. ಸೆರೆಯವರ ಪಟ್ಟಿ ಇಲ್ಲಿಗೆ ಬಂತು. ರಾಣಿಗೆ ಓದಿ ಹೇಳಿದೆ, ಮುನ್ನೂರ ಹನ್ನೆರಡು ಹೆಸರು.

"ಒಂದು ಕಡೆ ನಿನ್ನ ದನಿ ಹಿಡೀತು. ಏನಿತ್ತು ಅಲ್ಲಿ?"

ಹೇಳಬೇಕಾಯಿತು. ಥೂರೆಯ ಹೆಸರಿನ ಮೇಲೆ ಮಾವ ಗೀಟು ಎಳೆದಿದ್ದ.

ಲೇಖನಿ ಕೇಳಿದರು. ನಾನು ಬರೆಯುತ್ತೇನೆ ಎಂದರೆ ಒಪ್ಪಲಿಲ್ಲ. ನನ್ನ ಬೆರಳಿನಿಂದ ಜಾಗ ಗುರುತು ಹಿಡಿದು, ಥೂರೆಯ ಹೆಸರನ್ನು ತಾವೇ ಬರೆದರು. ಅಕ್ಷರ ಸೊಟ್ಟ, ಪಕ್ಕದ ಹೆಸರಿನ ಮೇಲೆ ಹತ್ತಿಕೊಂಡಿದೆ. ಕೆಳಗೆ ಮುದ್ರೆ.

ಮಾರ್ಚಿನಲ್ಲಿ ಸಮುದ್ರದ ಹಿಮ ಒಡೆದ ಮೇಲೆ ಅವರನ್ನು ಕರೆತರಲು ಹಡಗು.

ಕರೆಯುತ್ತಿದ್ದಾರೆ. ತೋಟಕ್ಕೆ ಹೋಗಬೇಕಂತೆ. ಇನ್ನು ಮುಚ್ಚುಮರೆ ಇಲ್ಲ, ಎಲ್ಲರೆದುರೂ ಕೈ ಹಿಡಿದೇ —