ಗೋಡೆ ಕಚ್ಚಿದ ದಿನ

ಮರೀನ್ ಸಿಟಿ, ಮಿಷಿಗನ್
ಮಂಗಳವಾರ, ಜುಲೈ ೯, ೧೯೭೪

ಪ್ರೀತಿಯ ಕ್ಲೇಟನ್,

ಹೇಗಿದ್ದೀಯಾ? ಸೊಂಟನೋವು ಇಳಿಯಿತೇ? ಗಂಟೆಗಟ್ಟಲೆ ಚುಕ್ಕಾಣಿ ಹಿಡಿದು ನಿಲ್ಲುವವನು ಬಿಡುವಾದಾಗ ಮಲಗಬೇಕು, ಇಸ್ಪೀಟಿಗೆ ಕೂರಬಾರದು. ಹಡಗಿನ ಅಡುಗೆಯವನು ಈಗಲೂ ಎಲ್ಲದಕ್ಕೂ ಮೆಣಸು ಸುರಿಯುತ್ತಾನೆಯೇ? ನಾನು ಚೆನ್ನಾಗಿದ್ದೇನೆ. ಅತ್ತೆಯೂ ಚೆನ್ನಾಗಿದ್ದಾರೆ. ಈ ಮಾತನ್ನು ಒಮ್ಮೆ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಅವರು ಎದುರಿಗೇ ಕೂತು ಬಟಾಣಿ ಸುಲಿಯುತ್ತಿದ್ದಾರೆ, ಒಂದೊಂದು ಸಾಲನ್ನೂ ಓದಿ ಹೇಳು ಎಂದು ನನ್ನ ಜೀವ ತಿನ್ನುತ್ತಿದ್ದಾರೆ. ಹಾಗಾಗಿ ಗಾಬರಿಯಾಗದೆ ಮುಂದೆ ಓದು.

ಮನೆಗೆ ಬಣ್ಣ ಬಳಿಯಲು ಶುರುಮಾಡಿದ್ದೇನೆ. ಬೈಯಬೇಡ. ಚಳಿಗಾಲದಲ್ಲಿ ನೀನು ಮನೆಯಲ್ಲಿರುತ್ತೀ, ಆ ಕೊರೆಯುವ ಚಳಿಗೆ ಬಣ್ಣ ಹಿಡಿಯುವುದಿಲ್ಲ. ಬಣ್ಣ ಹಿಡಿಯುವ ಬೇಸಿಗೆಯಲ್ಲಿ ನೀನು ಸರೋವರದ ಮೇಲಿರುತ್ತೀ. ಬರುವ ವರ್ಷ, ಬರುವ ವರ್ಷ ಎನ್ನುತ್ತ ಈ ಅಲ್ಯೂಮಿನಿಯಂ ತಗಡು ಹೊದಿಸಿದ ಗೋಡೆ ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗಾಗಿತ್ತು. ಅಂಗೈ ಒರೆಸಿದರೆ ಕೈಯೆಲ್ಲ ಹಳೆಯ ಬಣ್ಣದ ಬಿಳಿ ಪುಡಿ. ಚರ್ಚಿಗೆ ಹೊರಟ ಅತ್ತೆಯ ಕಪ್ಪು ಕೋಟು ಗೋಡೆಗೆ ತಗುಲಿ ಬಿಳಿಯಾದ ದಿನ, ನಾನಾಯಿತು ಈ ಗೋಡೆಯಾಯಿತು ಎಂದುಕೊಂಡೆ. ಆ ಪುಡಿ ಪೂರ್ತಿ ಹೋಗುವವರೆಗೆ ಬಣ್ಣ ಬಳಿದು ಪ್ರಯೋಜನವಿಲ್ಲ, ಹಪ್ಪಳದ ಹಾಗೆ ಎದ್ದು ಬರುತ್ತದೆ. ಸೋಪಿನ ನೀರು, ಉದ್ದ ಹಿಡಿಯ ಬ್ರಷ್ಷು, ಆಮೇಲೆ ಪೈಪಿನಿಂದ ಒಳ್ಳೆಯ ನೀರು, ಒಣಗಿದ ಮೇಲೆ ಮತ್ತೆ ಅಂಗೈ ಒರೆಸಿ ನೋಡುವುದು. ಬಣ್ಣ ಕಿತ್ತು ಲೋಹ ಕಂಡ ಕಡೆ ಮರಳುಕಾಗದ ಉಜ್ಜಿ ಪ್ರೈಮರ್ ಹಚ್ಚುವುದು. ಬಿಸಿಲಿಗೆ ತಗಡು ಕಾದರೆ ಬಣ್ಣ ಗುಳ್ಳೆ ಏಳುತ್ತದೆಂದು ಇಡೀ ದಿನ ನೆರಳಿನ ಹಿಂದೆ ಮನೆ ಸುತ್ತಿದ್ದೇನೆ. ನದಿಯ ಕಡೆಯ ಗೋಡೆ ಮುಗಿದಿದೆ, ನೋಡಿದರೆ ನಿನಗೆ ಖುಷಿಯಾಗುತ್ತದೆ.

ಹೆದರಿಕೆ ಶುರುವಾದದ್ದು ಹಿತ್ತಿಲ ಗೋಡೆಯಲ್ಲಿ. ಒದ್ದೆ ಬಟ್ಟೆ ಇಟ್ಟೊಡನೆ ಬೆರಳಿನಿಂದ ಮೊಣಕೈವರೆಗೆ ಜುಮ್ಮೆಂದಿತು, ಇರುವೆ ಸಾಲು ಹರಿದ ಹಾಗೆ. ಮರುದಿನ ಅದೇ ಜಾಗ ಮುಟ್ಟಿದರೆ ಏನೂ ಇಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಜುಮ್ಮೆಂದಿತು. ಪಕ್ಕದ ಮನೆಯ ಓರ್ವಿಲ್‌ನನ್ನು ಕೇಳಿದೆ. ಹಡಗಿನ ಎಂಜಿನ್ ಕೋಣೆಯಲ್ಲಿ ಆಯಸ್ಸು ಕಳೆದವನು, ಗೊತ್ತಿರುತ್ತದೆ ಎಂದುಕೊಂಡೆ. ತಗಡು ಉಜ್ಜಿದರೆ ಚುರುಕ್ ಅನ್ನುವುದೇ, ಬೆಕ್ಕಿನ ಮೈ ಸವರಿದರೂ ಅನ್ನುತ್ತದೆ ಎಂದು ನಕ್ಕುಬಿಟ್ಟ. ಅತ್ತೆಯ ಲೆಕ್ಕವೇ ಬೇರೆ. ಗೋಡೆ ನನ್ನನ್ನು ಕಚ್ಚುವುದು ನಿನ್ನ ಹಡಗು ಮನೆಮುಂದೆ ಹಾಯುವ ದಿನ ಮಾತ್ರ ಎಂದು ಕಂಡುಹಿಡಿದವರು ಅವರೇ. "ಗಂಡನ ಹಡಗು ಬರೋ ದಿನ ನಿಂಗೆ ಮೈ ಜುಮ್ಮನ್ನೋದು ಹೊಸದೇನಲ್ಲ ಬಿಡೇ. ಅದಕ್ಕೆ ಪಾಪ ಗೋಡೆನ ಯಾಕೆ ಬೈತೀಯಾ?" ಎಂದರು. ನಾಚಿಕೆಯಾಗಿ ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಶನಿವಾರ ನೀನು ನದಿಯಲ್ಲಿ ಕೆಳಮುಖವಾಗಿ ಬರುವ ದಿನ. ಎಂದಿನಂತೆ ನಿನಗೆ ಕಾಣಲೆಂದು ಬೆಳಗ್ಗೆಯೇ ಜಗಲಿಯ ದೀಪ ಹಚ್ಚಿಟ್ಟು ಕೆಲಸಕ್ಕಿಳಿದೆ. ಬೇಡವೆಂದರೂ ಅತ್ತೆ ಹಿತ್ತಿಲಿಗೆ ಕಬ್ಬಿಣದ ಕುರ್ಚಿ ಹಾಕಿಸಿಕೊಂಡು, ಸೆಖೆಯೆಂದು ಚಪ್ಪಲಿ ಬಿಟ್ಟು, ಒದ್ದೆ ಹುಲ್ಲಿನ ಮೇಲೆ ಕಾಲು ಚಾಚಿ ಗೋಡೆಯ ಕೆಳಗಿನ ತಗಡುಪಟ್ಟಿಗಳನ್ನು ಒರೆಸತೊಡಗಿದರು. ಮಧ್ಯಾಹ್ನ ನಾನು ಬಕೆಟ್ ತುಂಬಿಸಿಕೊಂಡು ತಿರುಗಿ ನೋಡುತ್ತೇನೆ, ಅವರ ಕೈ ಗೋಡೆಗೆ ಅಂಟಿಕೊಂಡಿತ್ತು. ಬಾಯಿ ತೆರೆದಿದೆ, ಮಾತು ಬರುತ್ತಿಲ್ಲ, ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ಓಡಿಹೋಗಿ ತಬ್ಬಿ ಎಳೆಯಬೇಕೆಂದು ಜೀವ ಹೇಳಿತು. ಆ ಜುಮ್ಮು ನೆನಪಾಗಿ ಕಾಲು ಹಿಂದೆಗೆಯಿತು. ಕೈಯಲ್ಲಿದ್ದ ಬ್ರಷ್ಷಿನ ಮರದ ಹಿಡಿಯಿಂದ ಅವರ ಹೆಗಲಿಗೆ ಬಲವಾಗಿ ನೂಕಿದೆ. ಕುರ್ಚಿಸಮೇತ ಹುಲ್ಲಿನ ಮೇಲೆ ಉರುಳಿದರು. ಉಸಿರಾಟ ಕಾಣಲಿಲ್ಲ. ಮುಖ ಆ ಗೋಡೆಯ ಪುಡಿಯ ಬಣ್ಣಕ್ಕೆ ತಿರುಗಿತ್ತು. ಅದೇ ಹೊತ್ತಿಗೆ ಮನೆಯ ಆಚೆ ಬದಿಯಿಂದ ನಿಮ್ಮ ಹಡಗು ಊದಿತು, ಮೂರು ಉದ್ದ, ಎರಡು ಗಿಡ್ಡ. ದೀಪ ನೋಡಿ, ನಮ್ಮವರೆಲ್ಲ ಸುಖವಾಗಿದ್ದಾರೆ ಎಂದು ನೀನು ನಗುತ್ತ ಹೋಗಿರಬೇಕು. ನಾನು ನಿನ್ನ ಅಮ್ಮನ ಎದೆಗೆ ಕಿವಿಯಿಟ್ಟು ಕೂತಿದ್ದೆ. ಕ್ಲೇಟನ್, ಅಂಥ ಹೆದರಿಕೆಯನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ.

ಅವರು ಕಣ್ಣುಬಿಟ್ಟರು. ಬಿಟ್ಟವರು ಮೊದಲು ಆಡಿದ ಮಾತು, "ಸೊಸೆ ಕೈಲಿ ಪೊರಕೆ ಏಟು ತಿನ್ನೋದೊಂದು ಬಾಕಿ ಇತ್ತು, ಅದೂ ಆಯ್ತು." ನಾನು ನಗಲಿಲ್ಲ, ಗೋಳೋ ಎಂದು ಅತ್ತುಬಿಟ್ಟೆ. ಅಂಗೈ ಸುಟ್ಟು ಬೊಕ್ಕೆ ಎದ್ದಿದೆ. ಎದೆಬಡಿತ ಆಗಾಗ ತಪ್ಪುತ್ತಿದೆ, ಮೆಟ್ಟಿಲು ಹತ್ತಿಸಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಮುಂದಿನ ವಾರ ಮತ್ತೆ ನೋಡುತ್ತಾರಂತೆ. ಓರ್ವಿಲ್ ನಗುವುದನ್ನು ಬಿಟ್ಟು ಬಲ್ಬಿಗೆ ಎರಡು ವೈರು ಕಟ್ಟಿ ತಂದ. ಒಂದನ್ನು ನೀರಿನ ಪೈಪಿಗೂ ಇನ್ನೊಂದನ್ನು ಗೋಡೆಗೂ ಮುಟ್ಟಿಸಿದ. ಬಲ್ಬು ಉರಿಯಿತು! ಇಡೀ ಮನೆಗೆ ಕರೆಂಟು ಹರಿದಿತ್ತು. ಕರೆಂಟಿನವನು ಬಂದು ಸರಿಮಾಡಿದ್ದಾನೆ, ಈಗ ಅಪಾಯವಿಲ್ಲ ಎನ್ನುತ್ತಾನೆ. ಅವನಿಗೇನು, ಹೇಳಿ ಹೋದ. ನಾನು ಬಾಗಿಲ ಹಿಡಿಯನ್ನೂ ಏಪ್ರನ್ ಸುತ್ತಿ ತಿರುಗಿಸುತ್ತೇನೆ. ಹಿತ್ತಿಲ ಗೋಡೆ ಅರ್ಧಕ್ಕೇ ನಿಂತಿದೆ.

ಅಮ್ಮನ ಆಶೀರ್ವಾದ. ಒಣ ಕಾಲುಚೀಲ ಹಾಕಿಕೋ ಎನ್ನುತ್ತಿದ್ದಾರೆ. ಕ್ಯಾಪ್ಟನ್ನರಿಗೆ ನಮ್ಮ ವಂದನೆ ತಿಳಿಸು.

ನಿನ್ನ
ವೆರ್ನಾ

ತಾ.ಕ.: ಅತ್ತೆ ಬಟಾಣಿ ಬೇಯಿಸಲು ಎದ್ದರು, ಬೇಗ ಬರೆಯುತ್ತೇನೆ. "ನೀರಿನ ಮೇಲಿರೋನಿಗೆ ಇದೊಂದು ತಿಳಿಸಬೇಡ, ಕೊರಗ್ತಾನೆ" ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಆದರೂ ತಿಳಿಸಲೇಬೇಕು. ಮಾರ್ಚಿನಲ್ಲಿ ಹಡಗು ಹತ್ತುವ ಮುಂಚೆ ನೀನೇ ಹೊಸದಾಗಿ ಎಳೆದ ಜಗಲಿ ದೀಪದ ವೈರು ತಗಡಿನ ಅಂಚಿಗೆ ಉಜ್ಜಿ ಹರಿದಿತ್ತು. ದೀಪ ಹಚ್ಚಿದಾಗಲೆಲ್ಲ ಗೋಡೆಗೆ ಕರೆಂಟು. ಕರೆಂಟಿನವನು ಅದನ್ನು ಕಿತ್ತುಹಾಕಿದ್ದಾನೆ, ಹೊಸದು ಹಾಕಲು ಮುಂದಿನ ವಾರ ಬರುತ್ತಾನಂತೆ. ಗುರುವಾರ ನೀನು ಮೇಲ್ಮುಖವಾಗಿ ಹಾಯುವಾಗ ದೀಪ ಇರುವುದಿಲ್ಲ. ನಿನ್ನ ಅಪ್ಪ ಹೋದ ದಿನ ನಾನು ದೀಪ ಹಚ್ಚಿರಲಿಲ್ಲ. ಯಾರೂ ಹೇಳದೆ ನಿನಗೆ ತಿಳಿದುಹೋಯಿತು, ಡುಲೂತ್ ಬಂದರು ಮುಟ್ಟುವವರೆಗೂ ಒಬ್ಬನೇ ಅದನ್ನು ಹೊತ್ತುಕೊಂಡು ಚುಕ್ಕಾಣಿ ಹಿಡಿದೆ. ಈ ಸಲ ಹಾಗಲ್ಲ. ಇಲ್ಲಿಗೆ ಬರುವ ಮುಂಚೆ ಡೆಟ್ರಾಯ್ಟಿನಲ್ಲಿ ಅಂಚೆದೋಣಿ ಹಡಗಿನ ಪಕ್ಕಕ್ಕೆ ಬಂದಾಗ ಮೇಲಿನಿಂದ ಬಕೆಟ್ಟು ಇಳಿಬಿಟ್ಟು ಈ ಕಾಗದ ಎತ್ತಿಕೊಂಡಿರಬೇಕು ನೀನು, ದೇವರೇ, ಎತ್ತಿಕೊಂಡಿರಬೇಕು. ನಾವು ಬೆಳಗ್ಗೆಯಿಂದಲೇ ನದಿಯ ದಂಡೆಯಲ್ಲಿರುತ್ತೇವೆ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು. ಮನೆ ನೋಡಬೇಡ, ನಮ್ಮನ್ನು ನೋಡು. ಇಬ್ಬರಿರುತ್ತೇವೆ. ಮೊದಲು ಎಣಿಸು, ಆಮೇಲೆ ಬೇಕಾದರೆ ಅಳು.