ಕಡೇ ಭಾನುವಾರದ ಆರ್ಗನ್ನು

ಅತ್ತೆ,

ಈಗ ಸಂಜೆ ಏಳೂಮುಕ್ಕಾಲು. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪಿನ ತೋಟದಲ್ಲಿ ಕಳೆ ಕಿತ್ತೆ. ಮಧ್ಯಾಹ್ನಕ್ಕೆ ಮುದ್ದೆ, ಬಸ್ಸಾರು. ಸಂಜೆ ಫಿಲೋಮಿನಮ್ಮನ ಊರಿನ ಚರ್ಚಿಗೆ ಹೋಗಿ ಆರ್ಗನ್ ಕೇಳಿಕೊಂಡು ಬಂದೆ. ಹೌದು, ನೀನಿಲ್ಲದೆ ಹೋಗಿದ್ದೆ. ಅದನ್ನು ನಿನಗಲ್ಲದೆ ಇನ್ನು ಯಾರಿಗೆ ಹೇಳಲಿ?

ನಾವು ಮೊದಲ ಸಲ ಹೋದದ್ದು ನೆನಪಿದೆಯಾ? ಬೇಸಿಗೆಯ ಉರಿಗೆ ಹುಳು ತಡೆಯುವುದಿಲ್ಲವೆಂದು ಮೇ ತಿಂಗಳಲ್ಲಿ ನಾವು ರೇಷ್ಮೆ ಬೆಳೆ ಇಡುವುದಿಲ್ಲ. ಹುಳುಮನೆ ಖಾಲಿ, ನಮ್ಮ ಕೈಯೂ ಖಾಲಿ. ನಮ್ಮ ತೋಟದ ಸೊಪ್ಪು ಸಾಲದಾದಾಗ ಸೊಪ್ಪು ಕೊಡುತ್ತಿದ್ದ ಫಿಲೋಮಿನಮ್ಮ, "ಬೆಂಗ್ಳೂರಿಂದ ಟೀಚರಮ್ಮ ಒಬ್ರು ಬತ್ತಾರೆ. ಮೇ ತಿಂಗ್ಳ ಭಾನ್ವಾರ ನಮ್ ಚರ್ಚಲ್ಲಿ ಪಿಯಾನೋ, ಆರ್ಗನ್ ಬಾರಿಸ್ತಾರೆ. ಸುಮ್ಕೆ ಕೂತ್ಕಂಡು ಕೇಳದು, ಬನ್ರವ್ವ" ಎಂದು ಕರೆದಳು. ನಾವು ಚಪ್ಪಲಿ ಆಚೆ ಬಿಟ್ಟು, ತಲೆ ಮೇಲೆ ಸೆರಗು ಹೊದ್ದು, ಎಲ್ಲರಿಗಿಂತ ಮುಂದೆ ನೆಲದ ಮೇಲೆ ಕೂತುಬಿಟ್ಟೆವು. ಅವಳು ನಗುತ್ತಾ ಬಂದು ನಮ್ಮನ್ನು ಬೆಂಚಿಗೆ ಎಬ್ಬಿಸಿದಳು. ಪಿಯಾನೋ ಟೆಂಪೋದಲ್ಲಿ ಬಂದಿತ್ತು. ಆರ್ಗನ್ನು ಚರ್ಚಿನದೇ, ಕಂದು ಮರದ ಹಳೆಯ ಪೆಟ್ಟಿಗೆ. ಟೀಚರಮ್ಮ ಅದನ್ನು ಕಾಲಲ್ಲಿ ತುಳಿಯುವುದನ್ನು ನೋಡಿ ನೀನು ನನ್ನ ಕಿವಿಯಲ್ಲಿ, "ಹೊಲ್ಗೆ ಮಿಸನ್ ತುಳ್ದಂಗೆ ತುಳೀತಾವ್ಳೆ ಕಣೆ, ಬಟ್ಟೆ ಎಲ್ಲಿ?" ಎಂದೆ.

ಅವತ್ತೇ ಅಲ್ಲವೇ ನೀನು ದೃಷ್ಟಿ ತೆಗೆದದ್ದು? ಅಲ್ಲಿ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ತನಕ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಸುಮ್ಮನಿರುತ್ತಾರೆ. ನಮಗೇನು ಗೊತ್ತು? ಇಷ್ಟು ಚೆನ್ನಾಗಿ ಬಾರಿಸಿದ ಹೆಣ್ಣುಮಗಳನ್ನು ಊರೆಲ್ಲ ಬಾಯಿಮುಚ್ಚಿಕೊಂಡು ಬರೀ ನೋಡುತ್ತಿದೆ, ಕಣ್ಣು ಬೀಳದೆ ಇರುತ್ತದೆಯೇ ಎಂದು ನಿನಗೆ ದಿಗಿಲಾಯಿತು. ಸರಸರನೆ ಎದ್ದು ಹೋಗಿ, ಅವರ ಮುಖಕ್ಕೆ ಎರಡೂ ಕೈ ನೀವಾಳಿಸಿ, ನಿನ್ನ ಕಪಾಳಕ್ಕೆ ಒತ್ತಿ ನೆಟಿಗೆ ಮುರಿದೆ. ಆ ಮೌನದಲ್ಲಿ ಬೆರಳೆಲ್ಲ ಲಟಲಟ ಎಂದದ್ದು ಬಾಗಿಲ ತನಕ ಕೇಳಿಸಿತು. "ಯಾರ್ ಕಣ್ಣೂ ಬೀಳ್ದಿರ್ಲಿ ಕಣವ್ವ, ಬಾರ್ಸು" ಎಂದು ಬಂದು ಕೂತೆ. ಟೀಚರಮ್ಮ ಕನ್ನಡಕ ಜಾರುವಷ್ಟು ನಕ್ಕರು. ಮುಂದಿನ ಬೇಸಿಗೆಗಳಲ್ಲಿ ಅವರು ಬಾರಿಸುವ ಮೊದಲು ಬೆಂಚಿನ ಸಾಲಿನಲ್ಲಿ ನಿನ್ನನ್ನು ಹುಡುಕುತ್ತಿದ್ದರು.

ಪಿಯಾನೋ ನಿನಗೆ ಬೇಗ ಹಿಡಿಸಿತು. ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದ ಹುಳುಗಳೆಲ್ಲ ಒಟ್ಟಿಗೆ ಸೊಪ್ಪು ಮೇಯುವ ಸದ್ದು ಅದರಲ್ಲಿದೆ ಎನ್ನುತ್ತಿದ್ದೆ. ಆರ್ಗನ್ ಶುರುವಾದರೆ ಮಾತ್ರ ನಿನ್ನ ಬಾಯಿ ಕಟ್ಟುತ್ತಿತ್ತು. ಒಮ್ಮೆ ನನ್ನ ಕೈ ಹಿಡಿದು ಬೆಂಚಿನ ಹಲಗೆಗೆ ಒತ್ತಿದೆ. ಹಲಗೆ ಸಣ್ಣಗೆ ನಡುಗುತ್ತಿತ್ತು. "ಇದು ಬರೀ ಕಿವೀಲಿ ಕೇಳೋದಲ್ಲ ಮಗ" ಎಂದೆ.

ಮಾವನ ಬಾಯಿ ಗೊತ್ತಲ್ಲ. ಪ್ರತಿ ಸಲ ಜಗಲಿಯಿಂದ, "ಹೊಂಟ್ರಾ ಅತ್ತೆ ಸೊಸೆ, ಪಾದ್ರಿ ಆಗಕ್ಕೆ?" ಎನ್ನುವರು. "ನೀನೂ ಬಾ, ಕಿವಿ ಗುಗ್ಗೆನಾರ ಕರಗ್ತದೆ" ಎನ್ನುವೆ ನೀನು. ಅವರು ಒಂದು ಸಲವೂ ಬರಲಿಲ್ಲ.

ಸಂಕ್ರಾಂತಿ ಕಳೆದು ನೀನು ಹೋದೆ. ವರ್ಷದ ತಿಥಿ ಆಗುವ ತನಕ ನಮ್ಮಲ್ಲಿ ಹಾಡು, ವಾದ್ಯ ಕೇಳಲು ಹೋಗುವುದಿಲ್ಲ. ಮೇ ಬಂತು, ಭಾನುವಾರಗಳು ಹೋದವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಟ್ಟಳೆಯೊಂದೇ ಅಲ್ಲ, ಅತ್ತೆ. ನೀನಿಲ್ಲದೆ ಕೇಳಿದಾಗ ಅದು ಬರೀ ಪೆಟ್ಟಿಗೆಯ ಸದ್ದು ಅನ್ನಿಸಿಬಿಟ್ಟರೆ? ಆಗ ನಮ್ಮಿಬ್ಬರ ಆ ಸಂಜೆಗಳೆಲ್ಲ…

ಇವತ್ತು ಕಡೇ ಭಾನುವಾರ. ಮಧ್ಯಾಹ್ನ ಫಿಲೋಮಿನಮ್ಮ ಮನೆಗೇ ಬಂದಳು. ನಿನ್ನ ಮಗ ಚನ್ನಪಟ್ಟಣಕ್ಕೆ ಆಟೋ ಬಾಡಿಗೆಗೆ ಹೋಗಿದ್ದ. ಮಾವನೇ ಎದ್ದು, "ವರ್ಸ ತುಂಬಿಲ್ಲ, ಕಳ್ಸಕ್ಕಿಲ್ಲ" ಎಂದರು.

"ಗೌಡ್ರೇ, ಕುಣಿಯಕ್ಕೆ ಕರೀತಿಲ್ಲ ನಾನು. ನಮ್ಮಲ್ಲಿ ಸಾವಾದ್ರೆ ಮಣ್ಣಿಗೆ ಮುಂಚೆ ಬಾರ್ಸೋದೂ ಅದೇ ಆರ್ಗನ್ನು."

ಮಾವ ನನ್ನ ಮುಖ ನೋಡಿದರು. ಅವರು ಒಳಗೆ ಹೋಗಿ ಗಾಡಿಯ ಬೀಗದ ಕೈ ತಂದರು. "ಒಳೀಕೆ ನಾನು ಬರಕ್ಕಿಲ್ಲ. ಆಚೆ ಮರದ ಕೆಳಗೆ ಕೂತಿರ್ತೀನಿ."

ಟೀಚರಮ್ಮ ಮೊದಲು ಪಿಯಾನೋ ಬಾರಿಸಿದರು. ನನಗೆ ಏನೂ ಆಗಲಿಲ್ಲ. ಸದ್ದು ಬಂತು, ಹೋಯಿತು. ಹೆದರಿದ್ದು ನಿಜವಾಯಿತು ಎಂದುಕೊಂಡೆ. ಆಮೇಲೆ ಅವರು ಆರ್ಗನ್ನಿನ ಮುಂದೆ ಕೂತರು. ತಗ್ಗಿನಲ್ಲಿ ಒಂದೇ ಒಂದು ಸ್ವರ. ಅದನ್ನು ಬಿಡದೆಯೇ ಮೇಲೊಂದು, ಅದರ ಮೇಲೆ ಮತ್ತೊಂದು. ಪಿಯಾನೋ ಸ್ವರ ತಾನಾಗಿಯೇ ಕರಗುತ್ತದೆ. ಇದು ಒತ್ತಿದಷ್ಟು ಹೊತ್ತೂ ನಿಂತೇ ಇರುತ್ತದೆ. ಗೋಡೆ, ತೊಲೆ, ಕಿಟಕಿಯ ಬಣ್ಣದ ಗಾಜು ಎಲ್ಲ ಒಟ್ಟಿಗೆ ಉಸಿರೆಳೆದುಕೊಂಡ ಹಾಗಾಯಿತು. ಅಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಇಷ್ಟು ದೊಡ್ಡದು ಹೇಗೆ ಹಿಡಿಸಿತ್ತು? ಒಬ್ಬ ಹೆಂಗಸು ಕಾಲಲ್ಲಿ ತುಳಿದ ಗಾಳಿಯಲ್ಲವೇ ಅದು, ನಾವು ಉಸಿರಾಡುವ ಅದೇ ಗಾಳಿ? ನೀನಿಲ್ಲದ ಜಾಗವನ್ನೂ ತುಂಬಿಕೊಂಡು ಅದು ಇನ್ನೂ ಮೇಲಕ್ಕೆ ಹೋಯಿತು. ಸಂಕ್ರಾಂತಿಯಿಂದ ಬಾರದೆ ಇದ್ದ ಅಳು ಬಂತು.

ಕಣ್ಣೊರೆಸಿಕೊಂಡು ತಿರುಗಿದರೆ ಅದೇ ಬೆಂಚಿನಲ್ಲಿ ಮಾವ. ತಲೆಯ ಟವೆಲ್ಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ಯಾವಾಗ ಒಳಗೆ ಬಂದರೋ. ಸ್ವರ ನಿಂತ ಮೇಲೂ ಬಾಯಿ ತೆರೆದೇ ಇತ್ತು.

ಬರುವಾಗ ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿದರು.

"ಭಜ್ನೆ ಮನೆ ಹಾರ್ಮೋನಿ ಅಂದ್ಕಂಡಿದ್ದೆ ಕಣಮ್ಮ. ವರ್ಸ ವರ್ಸ ಕರೀತಿದ್ಲು…"

ನೀರಿನ ಕಡೆ ನೋಡುತ್ತಾ ಟವೆಲ್ಲು ತಲೆಗೆ ಸುತ್ತಿಕೊಂಡರು.

"ಬರೋ ವರ್ಸ ನಾನು ಬರಕ್ಕಿಲ್ಲ ಅಂತೀನಿ. ಕೇಳ್ಬೇಡ, ಎಳ್ಕಂಡು ಹೋಗು."

ಎಳೆದುಕೊಂಡೇ ಹೋಗುತ್ತೇನೆ, ಅತ್ತೆ. ಅವರು ಈಗ ಉಂಡು ಜಗಲಿಯಲ್ಲಿ ಮಲಗಿದ್ದಾರೆ. ನಾಳೆ ಬೆಳಿಗ್ಗೆ ಆರಕ್ಕೇ ತ್ರೀ ಫೇಸ್ ಕರೆಂಟು ಕೊಡುತ್ತಾರಂತೆ, ಸೊಪ್ಪಿನ ತೋಟಕ್ಕೆ ನೀರು ಬಿಡಬೇಕು.